ದಿವಂಗತ ದಿನಕರ ದೇಸಾಯಿಯವರು

ಉತ್ತರ ಕನ್ನಡ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರ ಹೆಸರನ್ನು ಕೇಳದವರು ವಿರಳ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಅವರು ಚುಟುಕಗಳ ಕವಿ, ಅಷ್ಟೇ. ನಾಲ್ಕೇ ಸಾಲು, ಎರಡೆರಡು ಸಾಲಿಗೆ ಒಂದೊಂದು ಪ್ರಾಸ, ಕೊನೆಯಲ್ಲಿ ಒಂದು ಕುಟುಕು. ಶಾಲೆಯ ಮಕ್ಕಳಿಂದ ಹಿಡಿದು ಸಭೆಯ ಅಧ್ಯಕ್ಷರವರೆಗೆ ಎಲ್ಲರ ಬಾಯಲ್ಲೂ ಅವರ ಚೌಪದಿಗಳು ಸುಳಿಯುತ್ತವೆ. ‘ಚುಟುಕು ಬ್ರಹ್ಮ’ ಎಂಬ ಬಿರುದೂ ಅವರಿಗೆ ಅಂಟಿಕೊಂಡಿದೆ. ಈ ಬಿರುದೇ ಅವರ ಬಾಳಿನ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಮರೆಮಾಡಿದೆಯೆಂದು ನನಗೆ ತೋರುತ್ತದೆ. ಆದುದರಿಂದ ಈ ಲೇಖನದಲ್ಲಿ ನಾನು ಅವರ ಕವಿತೆಯ ಗೊಡವೆಗೆ ಹೆಚ್ಚಾಗಿ ಹೋಗುವುದಿಲ್ಲ. ಅವರ ಪದ್ಯಗಳನ್ನು ಉದ್ಧರಿಸುವುದೂ ಇಲ್ಲ. ಅದನ್ನು ಮಾಡಬಲ್ಲವರು ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಉಳುವವನಿಗೆ ತನ್ನ ಕಾಲ ಕೆಳಗಿನ ನೆಲದ ಬಗೆಗೆ ಮಾತನಾಡುವ ಅಧಿಕಾರ ಉಂಟೇ ಇಲ್ಲವೇ ಎಂಬ ಪ್ರಶ್ನೆಯನ್ನು ಹಿಡಿದು ಹೊರಟ ಒಬ್ಬ ಮನುಷ್ಯನ ಕಥೆಯನ್ನು ಹೇಳುವುದಷ್ಟೇ ನನ್ನ ಉದ್ದೇಶ.

ದೇಸಾಯಿಯವರು ಹುಟ್ಟಿದುದು ೧೯೦೯ನೆಯ ಇಸವಿ ಸಪ್ಟೆಂಬರ ೧೦ರಂದು. ಅಂಕೋಲೆಯ ಹತ್ತಿರದ ಅಲಗೇರಿ ಅವರ ಮನೆತನದ ಊರು. ತಂದೆ ದತ್ತಾತ್ರೇಯ ದೇಸಾಯಿಯವರು ಶಾಲಾಮಾಸ್ತರರು. ಮಾಸ್ತರರ ಮಗನಿಗೆ ಆ ಕಾಲದಲ್ಲಿ ಇದ್ದ ದಾರಿ ಒಂದೇ: ಓದುವುದು. ಅಂಕೋಲೆ, ಕಾರವಾರಗಳಲ್ಲಿ ಶಾಲೆಯನ್ನು ಮುಗಿಸಿ, ಬೆಂಗಳೂರು, ಮೈಸೂರುಗಳಲ್ಲಿ ಕಾಲೇಜು ಓದಿ, ಕೊನೆಗೆ ಮುಂಬಯಿಯನ್ನು ಸೇರಿ ಎಂ. ಎ. ಪದವಿಯನ್ನೂ ಕಾಯಿದೆಯ ಪದವಿಯನ್ನೂ ಪಡೆದರು. ಆಗ ನಮ್ಮ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. ೧೮೬೨ರಲ್ಲಿ ಮದರಾಸಿನಿಂದ ಬೇರ್ಪಡಿಸಿ ಅತ್ತ ಸೇರಿಸಿದ್ದರು. ಉದ್ಯೋಗಕ್ಕಾಗಲಿ ವಿದ್ಯೆಗಾಗಲಿ ನಮ್ಮವರ ಕಣ್ಣು ಸಮುದ್ರದ ದಾರಿಯಲ್ಲಿ ಮುಂಬಯಿಯ ಕಡೆಗೇ ಇರುತ್ತಿದ್ದಿತು.

ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪಾದ್ರಿ ಹೆರಾಸರು ಸ್ಥಾಪಿಸಿದ ಇತಿಹಾಸ ಸಂಶೋಧನ ಸಂಸ್ಥೆ ಇದೆ. ದೇಸಾಯಿಯವರ ಇತಿಹಾಸ ಸಂಶೋಧನೆಯ ಫಲ ಆ ಸಂಸ್ಥೆಯಿಂದಲೇ ೧೯೫೧ರಲ್ಲಿ ಪುಸ್ತಕವಾಗಿ ಹೊರಬಂದಿತು. ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಮಹಾಮಂಡಲೇಶ್ವರರು ಅದರ ವಿಷಯ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ಸಂಗತಿ ಅವರ ಎಲ್ಲ ಚುಟುಕಗಳಿಗಿಂತ ಹೆಚ್ಚು ಕುತೂಹಲಕರವಾಗಿ ಕಂಡಿತು. ಚಕ್ರವರ್ತಿಯು ಕಲ್ಯಾಣದಲ್ಲಿ, ಆದರೆ ಬನವಾಸಿ, ಹಾನಗಲ್ಲು, ಗೋವೆಗಳಲ್ಲಿ ಕದಂಬರು ತಮ್ಮ ತಮ್ಮ ಸೀಮೆಯನ್ನು ತಾವೇ ಆಳುತ್ತಿದ್ದರು. ಶಾಸನದಲ್ಲಿ ಮೊದಲು ಚಕ್ರವರ್ತಿಯ ಹೆಸರು, ಅನಂತರ ಮಂಡಲೇಶ್ವರನದು, ಅದರ ಕೆಳಗೆ ಊರಿನ ಗಾವುಂಡನದು, ಮಹಾಜನರದು. ಅಧಿಕಾರವೆಂಬುದು ಒಂದೇ ಸಿಂಹಾಸನದ ಮೇಲೆ ಕುಳಿತಿರುವ ವಸ್ತುವಲ್ಲ, ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಊರ ಕಟ್ಟೆಯವರೆಗೂ ಬರುತ್ತದೆ ಎಂಬುದನ್ನು ಈ ಶಾಸನಗಳನ್ನು ಓದಿದವನು ಮರೆಯಲಾರ. ಇಂಥ ಅಧ್ಯಯನ ಮಾಡಿದ ತರುಣನು ತನ್ನೂರಿನ ಗದ್ದೆಯ ಬದುವಿನ ಮೇಲೆ ನಿಂತಾಗ ಏನನ್ನು ಕಂಡಿರಬಹುದು?

ಅದನ್ನು ತಿಳಿಯಬೇಕಾದರೆ ಅಂಕೋಲೆಯ ಸುತ್ತಲಿನ ಒಕ್ಕಲು ಮಕ್ಕಳ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಕಾರವಾರದಿಂದ ಭಟಕಳದವರೆಗೆ ಗುಡ್ಡದ ಬುಡದಲ್ಲಿ, ಗದ್ದೆಯ ಅಂಚಿನಲ್ಲಿ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿವೆ. ಕೊರಳ ತುಂಬ ಕರಿಮಣಿ ಧರಿಸಿದ ಆ ಹೆಂಗಸರನ್ನು ಕಾರವಾರದ, ಅಂಕೋಲೆಯ ಸಂತೆಯಲ್ಲಿ ನೋಡದವರಿಲ್ಲ. ಪರಸ್ಥಳದವರು ಅವರ ಉಡಿಗೆ ತೊಡಿಗೆಗಳನ್ನೂ ಸುಗ್ಗಿಯ ಕುಣಿತವನ್ನೂ ನೋಡಿ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆದರೆ ಅವರೊಳಗಿನ ರಾಜ್ಯಭಾರ ಚಿತ್ರದಲ್ಲಿ ಬರುವಂಥದಲ್ಲ. ಪ್ರತಿ ಕೊಪ್ಪಕ್ಕೆ ಒಬ್ಬ ಗೌಡ. ಅವನಿಗೆ ಸಲಹೆ ಹೇಳಲು ಬುದವಂತ. ಕರೆ ಮುಟ್ಟಿಸಲು ಕೋಲಕಾರ. ಹಲವು ಕೊಪ್ಪಗಳು ಸೇರಿ ಒಂದು ಸೀಮೆ. ಅಂಕೋಲೆ, ಗೋಕರ್ಣ, ಚಂದಾವರ, ಕಡವಾಡ ಇವೆಲ್ಲ ಅವರ ಸೀಮೆಗಳು. ಸೀಮೆಗೂ ಒಬ್ಬ ಗೌಡನುಂಟು. ಮದುವೆಯ ಮಾತು, ಗಂಡಹೆಂಡಿರ ಜಗಳ, ಅಣ್ಣತಮ್ಮಂದಿರ ಪಾಲು, ಬೈದದ್ದು, ಹೊಡೆದದ್ದು, ಎಲ್ಲವೂ ಮೊದಲು ಗೌಡನ ಅಂಗಳಕ್ಕೆ ಬರಬೇಕು. ಕೋಲಕಾರನು ಮನೆಮನೆಗೆ ಹೋಗಿ ಕರೆಯುವನು. ಹತ್ತು ಜನ ಕೂಡುವರು. ಎರಡೂ ಕಡೆಯ ಮಾತನ್ನು ಕೇಳುವರು. ತಪ್ಪಿತಸ್ಥನಿಗೆ ದಂಡ ಬೀಳುವುದು. ಮಾತು ಮೀರಿದವನನ್ನು ಕೂಟದಿಂದ ಹೊರಗಿಡುವರು. ಕೊಪ್ಪದಲ್ಲಿ ತೀರದ್ದು ಸೀಮೆಗೆ ಹೋಗುವುದು. ಸುಗ್ಗಿಯ ಹಬ್ಬ ಗೌಡನ ಮನೆಯಿಂದಲೇ ಹೊರಡಬೇಕು. ಒಂದು ಕಾಗದವಿಲ್ಲ, ಒಂದು ಮುದ್ರೆಯಿಲ್ಲ; ಆದರೂ ತಲೆಮಾರುಗಳ ಕಾಲ ನಡೆದುಕೊಂಡು ಬಂದ ಆಡಳಿತವಿದು. ೧೮೮೩ರಲ್ಲಿ ಪ್ರಕಟವಾದ ಮುಂಬಯಿ ಸರಕಾರದ ಕೆನರಾ ಗ್ಯಾಝೆಟಿಯರನ್ನು ಬರೆಯಿಸಿದ ಅಧಿಕಾರಿಗಳೂ ಈ ಒಕ್ಕಲಿಗರನ್ನು ಗಮನಿಸಿದ್ದಾರೆ.

ನಾನು ಇದನ್ನು ಬರಿದೆ ಹೊಗಳಲು ಇಚ್ಛಿಸುವುದಿಲ್ಲ. ಗೌಡನ ಪದವಿ ವಂಶಪಾರಂಪರ್ಯವಾದುದು. ಕೂಟದಲ್ಲಿ ಹೆಂಗಸರಿಗೆ ಮಾತಿಲ್ಲ. ಬಹಿಷ್ಕಾರವೆಂಬುದು ಬಡವನ ಪಾಲಿಗೆ ಜೇಲಿಗಿಂತ ಕಠಿಣವಾದ ಶಿಕ್ಷೆ. ಆದರೆ ಇವೆಲ್ಲಕ್ಕಿಂತ ದೊಡ್ಡದಾದ ಒಂದು ಕೊರತೆ ಈ ರಾಜ್ಯಭಾರಕ್ಕೆ ಇತ್ತು. ತನ್ನ ಜನರ ನಡತೆಯ ಮೇಲೆ ಗೌಡನ ಮಾತು ನಡೆಯುತ್ತಿದ್ದಿತೇ ಹೊರತು ಅವರು ಉಳುವ ನೆಲದ ಮೇಲೆ ನಡೆಯುತ್ತಿರಲಿಲ್ಲ. ಏಕೆಂದರೆ ನೆಲ ಅವರದಾಗಿರಲಿಲ್ಲ. ಬಹುಪಾಲು ಒಕ್ಕಲಿಗರು ಚಾಲಗೇಣಿಯವರು. ಎಂದರೆ ಒಡೆಯನ ಮರ್ಜಿ ಇರುವವರೆಗೆ ಮಾತ್ರ ಗದ್ದೆ. ಮೂಲಗೇಣಿಯವನನ್ನು ಏಳಿಸುವುದು ಕಷ್ಟ. ಚಾಲಗೇಣಿಯವನನ್ನು ಏಳಿಸಲು ಒಂದು ಬಾಯಿಮಾತು ಸಾಕು. ಗೌಡನೂ ಗೇಣಿದಾರನೇ. ಹತ್ತು ಕೊಪ್ಪಗಳ ನ್ಯಾಯ ಹೇಳುವವನು ಸುಗ್ಗಿಯಾದ ಮೇಲೆ ಒಡೆಯನ ಅಂಗಳದಲ್ಲಿ ಕೈಕಟ್ಟಿ ನಿಂತು ಭತ್ತ ಅಳೆದು ಕೊಡಬೇಕು. ಗೇಣಿಯ ಮೇಲೆ ಹಬ್ಬಕ್ಕೆ ಬಾಳೆಗೊನೆ, ತರಕಾರಿ, ಬೇಕೆಂದಾಗ ಬಿಟ್ಟಿಯ ದುಡಿತ. ಗುಡ್ಡವಾದರೂ ಇದೆಯಲ್ಲ ಎಂದರೆ ಅದೂ ಕೈಬಿಟ್ಟು ಹೋಗಿತ್ತು. ಗುಡ್ಡದ ಮಗ್ಗುಲಲ್ಲಿ ಕಡಿದು ಸುಟ್ಟು ರಾಗಿ ಬಿತ್ತುವ ಕುಮರಿ ಬೇಸಾಯವನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರಕಾರವು ಬಿಗಿಮಾಡುತ್ತ ಬಂದಿತು. ೧೮೭೮ರ ಅರಣ್ಯ ಕಾಯಿದೆಯ ಅನಂತರ ಗುಡ್ಡವು ಸರಕಾರದ್ದು, ಗದ್ದೆಯು ಒಡೆಯನದು, ಹೊಳೆಯ ಮೀನು ಮಾತ್ರ ದೇವರದು ಎಂಬಂತಾಯಿತು.

ಇಲ್ಲಿ ಒಂದು ದೂರದ ದೇಶದ ಮಾತನ್ನು ಹೇಳಬೇಕೆನಿಸುತ್ತದೆ. ಉತ್ತರ ಅಮೇರಿಕೆಯ ಮೂಲನಿವಾಸಿಗಳಲ್ಲಿ ಹೌಡೆನೊಸೌನಿ ಎಂಬ ಆರು ರಾಷ್ಟ್ರಗಳ ಒಂದು ಒಕ್ಕೂಟವುಂಟು. ಅವರದೂ ಕಾಗದವಿಲ್ಲದ ರಾಜ್ಯಭಾರವೇ. ಕವಡೆಯಂಥ ಮಣಿಗಳನ್ನು ನೇಯ್ದ ಪಟ್ಟಿಗಳೇ ಅವರ ದಾಖಲೆ. ಕುಲದ ಹಿರಿಯ ತಾಯಂದಿರು ಮುಖಂಡರನ್ನು ಆರಿಸುವರು. ಸರಿಯಾಗಿ ನಡೆಯದ ಮುಖಂಡನನ್ನು ಅವರೇ ಇಳಿಸುವರು. ಕೆನಡಾ ದೇಶದ ಗ್ರ್ಯಾಂಡ್ ನದಿಯ ದಂಡೆಯಲ್ಲಿ ನೆಲೆಸಿದ ಈ ಜನರ ಒಳಾಡಳಿತದಲ್ಲಿ ಅಲ್ಲಿಯ ಸರಕಾರ ಕೈಹಾಕತೊಡಗಿದಾಗ, ಡೆಸ್ಕಾಹೆ ಎಂಬ ಪದವಿಯ ಹೆಸರುಳ್ಳ ಕಯೂಗಾ ಮುಖಂಡನೊಬ್ಬನು ೧೯೨೩ರಲ್ಲಿ ಜಿನೀವಾಕ್ಕೆ ಹೋಗಿ, ನಾವೊಂದು ಸ್ವತಂತ್ರ ರಾಷ್ಟ್ರ, ನಮ್ಮ ಮೊರೆಯನ್ನು ಕೇಳಿರಿ ಎಂದು ರಾಷ್ಟ್ರಸಂಘದ ಬಾಗಿಲನ್ನು ಬಡಿದನು. ಬಾಗಿಲು ತೆರೆಯಲಿಲ್ಲ. ೧೯೨೪ರಲ್ಲಿ ಕೆನಡಾ ಸರಕಾರವು ಆ ಪರಂಪರಾಗತ ಸಭೆಯನ್ನು ಬದಿಗೊತ್ತಿ ಚುನಾಯಿತ ಮಂಡಳಿಯನ್ನು ಹೇರಿತು. ಮಾರನೆಯ ವರ್ಷ ಡೆಸ್ಕಾಹೆ ತನ್ನ ನೆಲಕ್ಕೆ ಹಿಂದಿರುಗಲಾಗದೆ ಗಡಿಯ ಆಚೆಗೇ ತೀರಿಕೊಂಡನು. ಅವರಿಗೂ ನಮ್ಮವರಿಗೂ ಇರುವ ಭೇದ ಇದು: ಅಲ್ಲಿ ಒಪ್ಪಂದಗಳಿದ್ದವು, ಮುರಿದವರು ಯಾರೆಂದು ತೋರಿಸಿ ಹೇಳಬಹುದಾಗಿತ್ತು. ನಮ್ಮ ಕೊಪ್ಪದ ಗೌಡರೊಡನೆ ಯಾರೂ ಎಂದೂ ಒಪ್ಪಂದ ಮಾಡಿಕೊಳ್ಳಲಿಲ್ಲ. ಅವರ ಅಧಿಕಾರವನ್ನು ಕಸಿಯಲು ಪೋಲೀಸರೂ ಬರಬೇಕಾಗಲಿಲ್ಲ. ಪೈಮಾಶಿಯ ಸರಪಳಿ, ಕಚೇರಿಯ ಖಾತೆ, ಕೋರ್ಟಿನ ಡಿಕ್ರಿ, ಇಷ್ಟೇ ಸಾಕಾಯಿತು. ನೆಲ ಹೋದುದು ಯಾರಿಗೂ ಕೇಳಿಸಲಿಲ್ಲ.

ಇನ್ನು ನಮ್ಮ ಚರಿತ್ರನಾಯಕರ ಕಡೆಗೆ ಬರೋಣ. ಕಾಯಿದೆಯ ಪದವಿಯನ್ನು ಪಡೆದ ದೇಸಾಯಿಯವರು ಕಾರವಾರದಲ್ಲಿ ವಕೀಲಿಯ ಫಲಕವನ್ನು ತೂಗುಹಾಕಿದ್ದರೆ ಸುಖವಾಗಿ ಬಾಳಬಹುದಾಗಿತ್ತು. ಗೇಣಿಯ ಖಟ್ಲೆಗಳಿಗೆ ಜಿಲ್ಲೆಯಲ್ಲಿ ಬರವಿರಲಿಲ್ಲ. ಆದರೆ ಅವರು ಗೋಖಲೆಯವರು ೧೯೦೫ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು ಸೇರಿದರು. ಈ ಸಮಾಜದ ಸದಸ್ಯನಾಗುವುದೆಂದರೆ ಸ್ವಂತ ಸಂಪಾದನೆಯ ಆಸೆಯನ್ನು ಬಿಟ್ಟು, ಸಮಾಜವು ಕೊಟ್ಟ ಅಲ್ಪ ವೇತನದಲ್ಲಿ ಜೀವಿಸುತ್ತ, ಹೇಳಿದ ಕೆಲಸ ಮಾಡುವುದು. ಮುಂಬಯಿಯಲ್ಲಿ ಅದೇ ಸಮಾಜದ ಎನ್. ಎಂ. ಜೋಶಿಯವರು ಕಾರ್ಮಿಕ ಚಳವಳಿಗೆ ಅಡಿಪಾಯ ಹಾಕಿದವರು. ಅವರ ಹತ್ತಿರ ದೇಸಾಯಿಯವರು ಪಾಠ ಕಲಿತರು. ಸಂಘ ಕಟ್ಟುವುದು ಹೇಗೆ, ವರ್ಗಣಿ ಎತ್ತುವುದು ಹೇಗೆ, ಸಿಟ್ಟನ್ನು ಅರ್ಜಿಯಾಗಿ, ಅರ್ಜಿಯನ್ನು ಕಾಯಿದೆಯಾಗಿ ಮಾಡುವುದು ಹೇಗೆ ಎಂಬ ನೀರಸವಾದ, ಆದರೆ ಬಹು ಅಗತ್ಯವಾದ ಪಾಠ. ಭಾಷಣ ಮಾಡಿ ಜೇಲಿಗೆ ಹೋಗುವ ದಾರಿ ಅದಾಗಿರಲಿಲ್ಲ.

ಈ ವ್ಯತ್ಯಾಸವನ್ನು ನಾವು ಗಮನಿಸಬೇಕು. ಅಂಕೋಲೆ ಸ್ವಾತಂತ್ರ್ಯ ಹೋರಾಟದಲ್ಲಿ ಕರ್ನಾಟಕಕ್ಕೇ ಮೇಲ್ಪಂಕ್ತಿಯಾದ ತಾಲೂಕು. ೧೯೩೦ರ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರು ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಅನಂತರ ಕರನಿರಾಕರಣೆ ನಡೆಯಿತು. ಹೊಲಮನೆಗಳು ಜಪ್ತಿಯಾದುವು, ಗುಡಿಗುಡಿಯ ಜನ ಜೇಲಿಗೆ ಹೋದರು. ಇದೆಲ್ಲ ಸರಕಾರದ ವಿರುದ್ಧ ಊರಿಗೆ ಊರೇ ಎದ್ದುದರ ಕಥೆ. ಎಷ್ಟು ಹೊಗಳಿದರೂ ಸಾಲದು. ಆದರೆ ತೀರ್ವೆ ಕೊಡುವವನು ತೀರ್ವೆಯನ್ನು ನಿರಾಕರಿಸಬಹುದು. ಗೇಣಿ ಕೊಡುವವನು ಏನನ್ನು ನಿರಾಕರಿಸಬೇಕು? ಅವನ ಎದುರಿಗೆ ಇದ್ದವನು ಬಿಳಿಯ ಕಲೆಕ್ಟರನಲ್ಲ, ತನ್ನದೇ ಊರಿನ ಒಡೆಯ. ಒಮ್ಮೊಮ್ಮೆ ಖಾದಿ ತೊಟ್ಟವನೂ ಆಗಿರಬಹುದು. ಸ್ವರಾಜ್ಯ ಬಂದರೆ ಗದ್ದೆ ಯಾರಿಗೆ ಎಂದು ಕೇಳುವ ಧೈರ್ಯ ಆಗಿನ ದಿನಗಳಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಮಂದಗಾಮಿಗಳೆಂದು ಹೆಸರಾದ ಸಂಸ್ಥೆಯೊಂದರಿಂದ ಬಂದ ದೇಸಾಯಿಯವರು ಅದನ್ನು ಕೇಳಿದರೆಂಬುದು ಸೋಜಿಗವೇ ಸರಿ.

ಮೂವತ್ತರ ದಶಕದ ಕೊನೆಯಲ್ಲಿ ಅವರು ಜಿಲ್ಲೆಗೆ ಬಂದು ರೈತಕೂಟದ ಕೆಲಸವನ್ನು ಕೈಗೆತ್ತಿಕೊಂಡರು. ಆಗಿನ ಅಂಕೋಲೆಗೆ ರೈಲಿಲ್ಲ, ಹೊಳೆಗಳಿಗೆ ಸೇತುವೆಯಿಲ್ಲ. ಗಂಗಾವಳಿ, ಅಘನಾಶಿನಿ, ಶರಾವತಿ, ಕಾಳಿ ಎಲ್ಲವನ್ನೂ ದೋಣಿಯಲ್ಲಿ ದಾಟಬೇಕು. ಕೊಪ್ಪದಿಂದ ಕೊಪ್ಪಕ್ಕೆ ನಡಿಗೆಯೇ. ಅವರ ಬೇಡಿಕೆಗಳನ್ನು ಇಂದು ಓದಿದರೆ ಇದರಲ್ಲಿ ಅಂಥ ಕ್ರಾಂತಿ ಏನಿದೆ ಎನಿಸಬಹುದು. ಗೇಣಿಯನ್ನು ಇಳಿಸಬೇಕು, ಮನಬಂದಂತೆ ಒಕ್ಕಲೆಬ್ಬಿಸಬಾರದು. ಇಷ್ಟೇ. ಆದರೆ ಒಡೆಯನ ಮುಂದೆ ತಲೆಯೆತ್ತಿ ನೋಡದ ಮನುಷ್ಯನು ಗೇಣಿಯ ಪ್ರಮಾಣದ ಬಗೆಗೆ ಚರ್ಚೆ ಮಾಡುವುದೆಂದರೆ ಅದು ಅಂದು ಲೋಕವೇ ತಲೆಕೆಳಗಾದಂತೆ. ಉಳುವವನೇ ಹೊಲದ ಒಡೆಯನಾಗಬೇಕೆಂಬ ಮಾತು ಆಮೇಲೆ ದೇಶದಲ್ಲೆಲ್ಲ ಮೊಳಗಿತು. ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದುದು ೧೯೫೧ರಲ್ಲಿ. ನಮ್ಮ ಕರಾವಳಿಯಲ್ಲಿ ಅದಕ್ಕೆ ಹತ್ತು ವರ್ಷ ಮೊದಲೇ ರೈತಕೂಟ ಎದ್ದಿತ್ತು. ಇದನ್ನು ನಮ್ಮ ಜಿಲ್ಲೆಯವರೇ ಮರೆತಿದ್ದಾರೆ.

ರೈತಕೂಟದಲ್ಲಿ ಹಾಲಕ್ಕಿಗಳಷ್ಟೇ ಇರಲಿಲ್ಲ. ಗೇಣಿ ಮಾಡುವ ಎಲ್ಲ ಜಾತಿಯವರಿಗೂ ಅದು ತೆರೆದಿತ್ತು. ಇದರ ಮಹತ್ವ ಏನೆಂದು ನಾನು ಬಹಳ ವಿಚಾರ ಮಾಡಿದ್ದೇನೆ. ಗೌಡನ ಕೂಟದಲ್ಲಿ ಹಾಲಕ್ಕಿಗೆ ಹಾಲಕ್ಕಿಯ ನ್ಯಾಯ. ಬೇರೆ ಜಾತಿಯವರಿಗೆ ಅವರವರ ಯಜಮಾನರು, ಅವರವರ ಕಟ್ಟೆ. ಒಡೆಯನಿಗೆ ಇದಕ್ಕಿಂತ ಅನುಕೂಲವಾದ ವ್ಯವಸ್ಥೆ ಇನ್ನೊಂದಿಲ್ಲ. ಒಬ್ಬನನ್ನು ಏಳಿಸಿದರೆ ಇನ್ನೊಂದು ಜಾತಿಯವನು ಬಂದು ಗದ್ದೆ ಕೇಳುತ್ತಾನೆ. ಹಳೆಯ ಕೂಟಗಳಲ್ಲಿ ಒಗ್ಗಟ್ಟು ಇತ್ತು, ಶಿಸ್ತು ಇತ್ತು, ಕರೆದಾಗ ಬರುವ ವಾಡಿಕೆ ಇತ್ತು. ನೆಲದ ಪ್ರಶ್ನೆಯನ್ನು ಎತ್ತುವ ಬಲ ಮಾತ್ರ ಇರಲಿಲ್ಲ. ಹೊಸ ಕೂಟವು ಆ ಪ್ರಶ್ನೆಯನ್ನು ಎತ್ತಿತು. ಹಳೆಯ ರೂಢಿಯನ್ನು ಹಳಿದು ಕೆಡವದೆ, ಅದರ ಪಕ್ಕದಲ್ಲಿಯೇ ಇನ್ನೊಂದು ಕಟ್ಟೆಯನ್ನು ಕಟ್ಟಿದ್ದು ರೈತಕೂಟದ ಹೆಚ್ಚುಗಾರಿಕೆ ಎಂದು ನನ್ನ ಅಭಿಪ್ರಾಯ. ನಮ್ಮ ಅಧ್ಯಾಪಕರಲ್ಲಿ ಕೆಲವರು ಇದನ್ನು ಒಪ್ಪಲಿಕ್ಕಿಲ್ಲ. ಸಂಘದ ಸದಸ್ಯತ್ವದ ಚೀಟಿಯಿಂದಲೇ ಕೊಪ್ಪದ ಕಟ್ಟು ಸಡಿಲವಾಯಿತೆಂದು ಅವರು ಹೇಳಬಹುದು. ಕಟ್ಟು ಸಡಿಲವಾದುದು ನಿಜ. ಆದರೆ ಹೊಟ್ಟೆಗಿಲ್ಲದವನ ಕಟ್ಟು ಬಿಗಿಯಾಗಿದ್ದು ಏನು ಪ್ರಯೋಜನ?

ಒಡೆಯರು ಸುಮ್ಮನಿರಲಿಲ್ಲ; ಸರಕಾರವೂ ಸುಮ್ಮನಿರಲಿಲ್ಲ. ೧೯೩೯ರ ಕೊನೆಯಲ್ಲಿ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ರಾಜೀನಾಮೆ ಕೊಟ್ಟು ಗವರ್ನರನ ಆಡಳಿತ ಬಂದಿತ್ತು. ಮಹಾಯುದ್ಧವೂ ಪ್ರಾರಂಭವಾಗಿತ್ತು. ಇಂಥ ಸಮಯದಲ್ಲಿ ರೈತರನ್ನು ಒಟ್ಟುಗೂಡಿಸುವ ಮನುಷ್ಯ ಅಪಾಯಕಾರಿಯಾಗಿ ಕಂಡದ್ದು ಸಹಜ. ೧೯೪೦ರಲ್ಲಿ ದೇಸಾಯಿಯವರನ್ನು ಜಿಲ್ಲೆಯಿಂದ ಹದ್ದುಪಾರು ಮಾಡಿದರು. ಐದು ವರ್ಷ ತಮ್ಮ ಹುಟ್ಟುನೆಲವನ್ನು ಅವರು ಮೆಟ್ಟುವಂತಿರಲಿಲ್ಲ. ಜೇಲಿಗೆ ಹಾಕಿದ್ದರೆ ಜನ ಹೂಮಾಲೆ ಹಾಕಿ ಬರಮಾಡಿಕೊಳ್ಳುತ್ತಿದ್ದರು. ಹದ್ದುಪಾರಿನಲ್ಲಿ ಆ ಗೌರವವೂ ಇಲ್ಲ. ಬರಿಯ ಗೈರುಹಾಜರಿ. ಬೇರನ್ನು ಕೀಳದೆ ನೀರನ್ನು ನಿಲ್ಲಿಸುವ ಉಪಾಯವಿದು. ಡೆಸ್ಕಾಹೆ ಗಡಿಯ ಆಚೆ ಸತ್ತದ್ದನ್ನು ಓದಿದಾಗ ನನಗೆ ಈ ಐದು ವರ್ಷಗಳ ನೆನಪಾಯಿತು. ಮೇಲೆ ಆ ಕಥೆಯನ್ನು ತಂದುದಕ್ಕೆ ಕಾರಣವೂ ಅದೇ.

ಕಾಲ ಕಳೆಯಲು ಅವರಿಗೆ ಕೆಲಸದ ಕೊರತೆಯೇನೂ ಇರಲಿಲ್ಲ. ಮುಂಬಯಿಯಲ್ಲಿ ಹಡಗಿನ ಕೂಲಿಗಳಾದ ಖಲಾಸಿಗಳ ಸಂಘದಲ್ಲಿ ಅವರು ಮೊದಲೇ ತೊಡಗಿದ್ದರು. ಹಡಗು ಬಂದರಿಗೆ ಬಂದಾಗ ಖಲಾಸಿಗೆ ಕೆಲಸ ಸಿಗಬೇಕಾದರೆ ಸಾರಂಗನಿಗೆ, ದಲಾಲಿಗೆ ಲಂಚ ಕೊಡಬೇಕು. ಕೊಟ್ಟ ಲಂಚಕ್ಕೆ ಸಾಲ ಮಾಡಬೇಕು. ಸಾಲಕ್ಕೆ ಬಡ್ಡಿ ತೆರಬೇಕು. ಹಡಗಿನ ಒಳಗಿನ ಇಕ್ಕಟ್ಟಾದ ವಾಸ, ದುಡಿತದ ಗಂಟೆಗಳು, ಕಡಿಮೆ ಪಗಾರ, ಇವೆಲ್ಲವನ್ನೂ ವಿಚಾರಿಸಿ ಭಾರತದ ನಾವಿಕ ಕಾರ್ಮಿಕರ ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವು ೧೯೪೦ರಲ್ಲಿ ಭಾರತ ಸೇವಕ ಸಮಾಜದಿಂದ ಪ್ರಕಟವಾಯಿತು. ಅದೇ ವರ್ಷ ಹದ್ದುಪಾರು. ಖಲಾಸಿಯ ಸಾರಂಗನೂ ಗೇಣಿದಾರನ ಪಾರುಪತ್ಯಗಾರನೂ ಒಂದೇ ಅಚ್ಚಿನ ಮನುಷ್ಯರೆಂಬುದು ಅವರಿಗೆ ಹೊಳೆಯದೆ ಇದ್ದೀತೆ? ಇಬ್ಬರೂ ದುಡಿಯುವವನಿಗೂ ಕೊಡುವವನಿಗೂ ನಡುವೆ ನಿಂತು ಪಾಲು ಕೀಳುವವರು. ಮುಂಬಯಿಯ ನಗರಪಾಲಿಕೆಯಲ್ಲಿಯೂ ಅವರು ಸದಸ್ಯರಾಗಿ ದುಡಿದರು. ಆ ವಿವರಗಳಿಗೆ ಇಲ್ಲಿ ಎಡೆಯಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ೧೯೪೮ರಲ್ಲಿ ಮುಂಬಯಿ ಸರಕಾರ ಗೇಣಿ ಕಾಯಿದೆಯನ್ನು ಮಾಡಿತು. ಮಳೆಯ ಬೇಸಾಯದಲ್ಲಿ ಬೆಳೆಯ ಮೂರನೆಯ ಒಂದು ಪಾಲಿಗಿಂತ, ನೀರಾವರಿಯಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಗೇಣಿ ಎತ್ತಬಾರದೆಂದು ಅದರಲ್ಲಿ ನಿಯಮವಾಯಿತು. ರೈತಕೂಟ ಕೇಳಿದ್ದು ಇದನ್ನೇ. ಆದರೆ ಕಾಯಿದೆ ಕಾಗದದ ಮೇಲೆ ಇದ್ದರೆ ಅದನ್ನು ಓದಬಲ್ಲವನು ಬೇಕು. ಗೇಣಿಗೆ ಪಾವತಿ ಸಿಕ್ಕಿತೇ, ಪಹಣಿಯಲ್ಲಿ ಯಾರ ಹೆಸರಿದೆ, ಎಂದು ನೋಡಲು ಒಕ್ಕಲಿಗನ ಮನೆಯಲ್ಲಿ ಅಕ್ಷರ ಬಲ್ಲವರು ಒಬ್ಬರಾದರೂ ಇರಬೇಕು. ದೇಸಾಯಿಯವರ ಬಾಳಿನ ಎರಡನೆಯ ಅಧ್ಯಾಯ ಇಲ್ಲಿಂದ ತೊಡಗುತ್ತದೆ ಎಂದು ನನ್ನ ಎಣಿಕೆ. ೧೯೫೩ರಲ್ಲಿ ಅವರು ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿದರು. ಜಿಲ್ಲೆಯ ಮೂಲೆಗಳಲ್ಲಿ ಹೈಸ್ಕೂಲುಗಳು ಎದ್ದವು. ಅವುಗಳಲ್ಲಿ ಹಲವಕ್ಕೆ ಇಟ್ಟ ಹೆಸರು ಜನತಾ ವಿದ್ಯಾಲಯ. ಯಾವ ದೇವರ ಹೆಸರೂ ಇಲ್ಲ, ದಾನಿಯ ಹೆಸರೂ ಇಲ್ಲ, ಅವರದಂತೂ ಇಲ್ಲವೇ ಇಲ್ಲ. ೧೯೬೬ರಲ್ಲಿ ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದಾಗ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. ಅಲ್ಲಿಯವರೆಗೆ ಅಂಕೋಲೆಯ ಬಡಹುಡುಗನಿಗೆ ಕಾಲೇಜೆಂದರೆ ಮನೆಬಿಟ್ಟು ಹೋಗುವ ಮಾತು. ಹುಡುಗಿಗಂತೂ ಅದು ಕನಸು.

ಅವರು ಒಂದು ವಾರಪತ್ರಿಕೆಯನ್ನೂ ನಡೆಸಿದರು: ‘ಜನಸೇವಕ’. ಚುಟುಕಗಳು ಜನರ ಬಾಯಿಗೆ ಹತ್ತುವುದಕ್ಕೆ ಈ ಪತ್ರಿಕೆಯೂ ಸಾಧನವಾಯಿತು. ಗೇಣಿಯ ಕಾಯಿದೆಯ ಕಲಮನ್ನು ಓದದವನೂ ನಾಲ್ಕು ಸಾಲಿನ ಪದ್ಯವನ್ನು ನೆನಪಿಡುತ್ತಾನೆ. ಹಾಲಕ್ಕಿ ಹೆಂಗಸರ ಹಾಡುಗಳು ಬರೆಯದೆಯೇ ತಲೆಮಾರಿನಿಂದ ತಲೆಮಾರಿಗೆ ದಾಟಿಬಂದ ನಾಡಿನಲ್ಲಿ ಹುಟ್ಟಿದವರಿಗೆ ಇದು ತಿಳಿಯದ ಗುಟ್ಟಲ್ಲ. ಅವರ ಚುಟುಕಗಳನ್ನು ಲಘುವೆಂದು ತೂಗಿ ಬದಿಗಿಡುವ ವಿಮರ್ಶಕರು ಅವು ಯಾರ ಕಿವಿಗಾಗಿ ಬರೆದವು ಎಂಬುದನ್ನು ವಿಚಾರಿಸಿದಂತಿಲ್ಲ.

೧೯೬೭ರ ಚುನಾವಣೆಯಲ್ಲಿ ಅವರು ಯಾವ ಪಕ್ಷದ ಹಂಗೂ ಇಲ್ಲದೆ ಕೆನರಾ ಕ್ಷೇತ್ರದಿಂದ ನಿಂತು ಗೆದ್ದು ಲೋಕಸಭೆಗೆ ಹೋದರು. ಕಾಂಗ್ರೆಸ್ಸಿನ ಗಾಳಿ ಬಲವಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಹಣವಿಲ್ಲದ, ಪಕ್ಷವಿಲ್ಲದ ಮನುಷ್ಯನಿಗೆ ಮತ ಹಾಕಿದವರು ಯಾರು? ಇಪ್ಪತ್ತೇಳು ವರ್ಷಗಳ ಹಿಂದೆ ಸರಕಾರವು ಜಿಲ್ಲೆಯ ಗಡಿಯನ್ನು ದಾಟಿಸಿದ್ದ ಮನುಷ್ಯನನ್ನು ಜಿಲ್ಲೆಯೇ ದಿಲ್ಲಿಗೆ ಕಳಿಸಿತು. ದಿಲ್ಲಿಯ ಮೂರು ನಾಲ್ಕು ವರ್ಷಗಳು ಅವರ ಬಾಳಿನಲ್ಲಿ ದೊಡ್ಡ ಅಧ್ಯಾಯವೆಂದು ನನಗೆ ಅನಿಸುವುದಿಲ್ಲ. ಐನೂರಕ್ಕೂ ಹೆಚ್ಚು ಜನರ ಸಭೆಯಲ್ಲಿ ಪಕ್ಷವಿಲ್ಲದ ಒಬ್ಬನ ದನಿ ಎಷ್ಟು ಕೇಳಿಸೀತು?

ಗೇಣಿಯ ಕಥೆ ಮಾತ್ರ ಇನ್ನೂ ಮುಗಿದಿರಲಿಲ್ಲ. ೧೯೫೬ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬಯಿಯ ಕಡೆ ಉಳಿದ ಜಿಲ್ಲೆಗಳಲ್ಲಿ ೧೯೫೭ರ ಏಪ್ರಿಲ್ ಒಂದರಿಂದ ಉಳುವವನನ್ನೇ ಒಡೆಯನೆಂದು ಮಾಡುವ ಕಾಯಿದೆ ಜಾರಿಗೆ ಬಂದರೆ, ಐದು ತಿಂಗಳ ಮೊದಲು ಇತ್ತ ಸರಿದ ನಮ್ಮ ಗೇಣಿದಾರನ ಕೈಗೆ ಆ ಭಾಗ್ಯ ದಕ್ಕಲಿಲ್ಲ. ನಾಡು ಒಂದಾದುದರ ಸಂತೋಷದಲ್ಲಿ ಈ ನಷ್ಟವನ್ನು ಲೆಕ್ಕಹಾಕಿದವರು ಕಡಿಮೆ. ೧೯೬೧ರ ಮೈಸೂರು ಭೂಸುಧಾರಣೆ ಕಾಯಿದೆ ಜಾರಿಗೆ ಬರಲು ೧೯೬೫ರ ಅಕ್ಟೋಬರದ ವರೆಗೆ ಕಾಯಬೇಕಾಯಿತು. ಸ್ವಂತ ಸಾಗುವಳಿಗೆಂದು ಒಡೆಯನು ಭೂಮಿಯನ್ನು ಹಿಂದಕ್ಕೆ ಪಡೆಯುವ ಕಿಂಡಿಗಳು ಅದರಲ್ಲಿಯೂ ಇದ್ದುವು. ಕೊನೆಗೆ ದೇವರಾಜ ಅರಸರ ಕಾಲದ ತಿದ್ದುಪಡಿಯು ೧೯೭೪ರ ಮಾರ್ಚಿ ಒಂದರಿಂದ ಜಾರಿಗೆ ಬಂದು, ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿ, ಅಲ್ಲಿಂದ ಉಳುವವನಿಗೆ ಬರುವಂತಾಯಿತು. ಏಳನೆಯ ನಂಬರಿನ ಫಾರ್ಮನ್ನು ತುಂಬಿ ಕೊಡಬೇಕು. ಭೂನ್ಯಾಯಮಂಡಳಿಯ ಮುಂದೆ ನಿಲ್ಲಬೇಕು. ಮೊದಲಿಗೆ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಒಡೆಯನೂ ಒಕ್ಕಲೂ ತಮ್ಮ ತಮ್ಮ ಮಾತನ್ನು ತಾವೇ ಆಡಬೇಕಾಗಿತ್ತು. ಇದು ಗೌಡನ ಅಂಗಳದ ನ್ಯಾಯಕ್ಕೆ ಎಷ್ಟು ಹತ್ತಿರವಾದ ಪದ್ಧತಿ! ನಡುವೆ ದಾಖಲೆಯಿಲ್ಲದಾಗ ನೆರೆಹೊರೆಯವರ ಸಾಕ್ಷಿ, ಸ್ಥಳದ ಪರೀಕ್ಷೆ. ಚಾಲಗೇಣಿಯವನಿಗೆ ಕಾಗದವಿಲ್ಲದಿದ್ದರೂ ನೆನಪಿತ್ತು, ಮತ್ತು ಆ ನೆನಪಿಗೆ ಮೊದಲ ಸಲ ಕಚೇರಿಯಲ್ಲ ಬೆಲೆ ಬಂದಿತು. ಅಷ್ಟು ಹೊತ್ತಿಗೆ ದೇಸಾಯಿಯವರಿಗೆ ಅರವತ್ತೈದು. ಮೂವತ್ತರ ಹರೆಯದಲ್ಲಿ ಕೇಳಿದುದಕ್ಕೆ ಉತ್ತರ ಬರಲು ಮೂವತ್ತೈದು ವರ್ಷ ಬೇಕಾಯಿತು. ಅದನ್ನು ಕೊಟ್ಟವರು ಬೇರೆಯವರು, ಹೆಸರೂ ಬೇರೆಯವರದಾಯಿತು.

೧೯೮೨ರ ನವೆಂಬರ ೬ರಂದು ಅವರು ತೀರಿಕೊಂಡರು. ತಮ್ಮ ದೇಹದ ಬೂದಿಯೂ ಗದ್ದೆಗೆ ಗೊಬ್ಬರವಾಗಲಿ, ಹೊಳೆಯ ಮೀನಿಗೆ ಆಹಾರವಾಗಲಿ ಎಂಬ ಅರ್ಥದ ಅವರ ಚುಟುಕವನ್ನು ನಮ್ಮ ಜಿಲ್ಲೆಯಲ್ಲಿ ಬಲ್ಲದವರಿಲ್ಲ.

ಅವರು ಕಾಣದೆ ಹೋದ ಎರಡು ಸಂಗತಿಗಳನ್ನು ಹೇಳಿ ಮುಗಿಸುತ್ತೇನೆ. ಅವರು ತೀರಿದ ನಾಲ್ಕು ವರ್ಷಕ್ಕೆ, ೧೯೮೬ರಲ್ಲಿ, ಕಾರವಾರದಲ್ಲಿ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿದ್ದಿತು. ಅರ್ಗಾ, ಚೆಂಡಿಯಾದಂಥ ಕಾರವಾರ ಅಂಕೋಲೆಗಳ ಕಡಲಂಚಿನ ಊರುಗಳಲ್ಲಿ ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡುವು. ಗೇಣಿಯ ನೆಲ ಸ್ವಂತದ್ದಾಗಿ ಹನ್ನೆರಡು ಮಳೆಗಾಲ ಕಳೆದಿದ್ದುವಷ್ಟೆ. ಒಡೆಯನು ಏಳಿಸಬಾರದೆಂದು ಕಾಯಿದೆ ಮಾಡಿದ್ದ ಸರಕಾರವೇ ದೇಶರಕ್ಷಣೆಗೆಂದು ಏಳು ಎಂದಿತು. ಪರಿಹಾರದ ಖಟ್ಲೆಗಳು ವರ್ಷಾನುಗಟ್ಟಲೆ ಕೋರ್ಟುಗಳಲ್ಲಿ ನಡೆದುವು.

ಇನ್ನೊಂದು ಸಂಗತಿ ಅಂಕೋಲೆ ತಾಲೂಕಿನ ಬಡಗೇರಿಯದು. ಗೌಡನ ಕೂಟದಲ್ಲಿ ಹೆಂಗಸರಿಗೆ ಮಾತಿಲ್ಲವೆಂದು ಮೇಲೆ ಬರೆದೆನಷ್ಟೆ. ಅಂಥ ಹಾಲಕ್ಕಿ ಕೇರಿಯ ಸುಕ್ರಿ ಬೊಮ್ಮಗೌಡರು ತೊಂಬತ್ತರ ದಶಕದಲ್ಲಿ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ವಿರುದ್ಧ ಎದ್ದರು. ಅಕ್ಷರ ಕಲಿಯದ, ನೂರಾರು ಹಾಡುಗಳನ್ನು ನೆನಪಿನಲ್ಲಿ ಹೊತ್ತ ಆ ತಾಯಿಗೆ ೨೦೧೭ರಲ್ಲಿ ಪದ್ಮಶ್ರೀ ಬಂದಿತು. ೨೦೨೫ರ ಫೆಬ್ರವರಿಯಲ್ಲಿ ಅವರೂ ತೀರಿಕೊಂಡರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಯನ್ನು ಅವರು ಕೊನೆಯವರೆಗೂ ಹೇಳುತ್ತ ಬಂದಿದ್ದರು. ಬಡಗೇರಿಗೂ ಅಲಗೇರಿಗೂ ನಡುವೆ ಬಹಳ ದೂರವೇನೂ ಇಲ್ಲ.